ಹಳೆಯ ಟೈಸ್ಕೊ ಗಿಟಾರ್: ಪಿಕಪ್ ಬದಲಾಯಿಸಬೇಕಾ, ಹಾಗೇ ಬಿಡಬೇಕಾ?

ತಂತಿಗುಂಗು

ಹೋದ ತಿಂಗಳು ನನಗೊಂದು ಹಳೆಯ ಟೈಸ್ಕೊ ಡೆಲ್ ರೇ ಸಿಕ್ಕಿತು, ಜಪಾನಿನ ಎಲೆಕ್ಟ್ರಿಕ್ ಗಿಟಾರ್. ಎರಡು ಪಿಕಪ್ (ತಂತಿಯ ಅದುರುವಿಕೆಯನ್ನು ವಿದ್ಯುತ್ತಾಗಿ ಬದಲಿಸುವ ಭಾಗ), ಗೆರೆ ಗೆರೆಯ ಲೋಹದ ಪಿಕ್‌ಗಾರ್ಡ್, ಅದರ ಮೇಲೆ ಗೋಡೆಯ ಲೈಟ್ ಸ್ವಿಚ್ಚಿನಂಥ ಪುಟ್ಟ ಸ್ವಿಚ್‌ಗಳು. ಪಿಕಪ್ ಮುಚ್ಚಳದ ಕಿಂಡಿಗಳಲ್ಲಿ ಚಿನ್ನದ ಬಣ್ಣದ ಹಾಳೆ ಕಾಣುತ್ತದೆ. ಇದಕ್ಕಿಂತ ನಯವಾದ ಗಿಟಾರ್‌ಗಳು ನನ್ನ ಹತ್ತಿರ ಇವೆ, ಆದರೆ ಮೂರು ವಾರದಿಂದ ಅವನ್ನು ಮುಟ್ಟಿಲ್ಲ. ಆಂಪ್ (ದನಿವರ್ಧಕ) ಸ್ವಲ್ಪ ಜೋರು ಮಾಡಿ ಒಂದೇ ತಂತಿ ಮೀಟಿದರೂ ಸಾಕು, ಯಾರೋ ಬಾಯಿ ತೆರೆದು ಹಾಡಿದ ಹಾಗಿರುತ್ತದೆ.

ತೊಂದರೆ ಎರಡು. ಹನ್ನೆರಡನೇ ಫ್ರೆಟ್ (ಬೆರಳಿಡುವ ಕಡೆಯ ಅಡ್ಡ ಲೋಹದ ಪಟ್ಟಿ) ಹತ್ತಿರ ತಂತಿ ತುಂಬಾ ಎತ್ತರ. ಹಿಂದೆ ಇಟ್ಟುಕೊಂಡಿದ್ದವರು ದಪ್ಪ ತಂತಿ ಬಿಗಿದು ವರ್ಷಗಟ್ಟಲೆ ಮೂಲೆಯಲ್ಲಿ ನಿಲ್ಲಿಸಿದ್ದರಂತೆ. ಇನ್ನೊಂದು, ಸ್ವಿಚ್ ಒತ್ತಿದಾಗೆಲ್ಲ ಕರಕರ ಸದ್ದು. ರಿಪೇರಿ ಮಾಡುವವರೊಬ್ಬರು ಪಿಕಪ್, ವೈರಿಂಗ್ ಎಲ್ಲ ಕಿತ್ತು ಹೊಸದು ಹಾಕೋಣ ಅಂದರು. ನನಗೆ ಮನಸ್ಸೇ ಒಪ್ಪುತ್ತಿಲ್ಲ. ಟೈಸ್ಕೊ ಬಗ್ಗೆ ಗೊತ್ತಿರುವವರು ಏನಂತೀರಿ?

ಹಳೇಮರ

ದಯವಿಟ್ಟು ಕೀಳಿಸಬೇಡಿ. ನಿಮಗೆ ಇಷ್ಟವಾದ ದನಿ ಇರುವುದೇ ಆ ಪಿಕಪ್‌ಗಳಲ್ಲಿ.

ಟೈಸ್ಕೊ ಅಂದರೆ ಅಗ್ಗದ ಗಿಟಾರ್ ಅಂತ ಸುಮ್ನೆ ಹೇಳಿ ಮುಗಿಸಿಬಿಡುತ್ತಾರೆ. ಅಗ್ಗಕ್ಕೆ ಮಾರಿದ್ದು ನಿಜ. ಆದರೆ ಅದರ ಹುಟ್ಟು ನೋಡಿ. 1946ರಲ್ಲಿ ಟೋಕಿಯೊದಲ್ಲಿ ಇಬ್ಬರು ಸೇರಿ ಶುರು ಮಾಡಿದ್ದು. ಅಟ್ಸುವೊ ಕನೇಕೊ ಗಿಟಾರ್ ನುಡಿಸುವವರು, ಡೋರ್ಯು ಮಟ್ಸುಡಾ ಎಲೆಕ್ಟ್ರಿಕಲ್ ಎಂಜಿನಿಯರ್. ಒಬ್ಬರಿಗೆ ಕಿವಿ, ಇನ್ನೊಬ್ಬರಿಗೆ ಕೈ. ಯುದ್ಧ ಮುಗಿದು ಒಂದೇ ವರ್ಷ, ಊರೆಲ್ಲ ಸುಟ್ಟು ಹೋಗಿದೆ, ಅಂಥ ಹೊತ್ತಿನಲ್ಲಿ ಕೂತು ಎಲೆಕ್ಟ್ರಿಕ್ ಗಿಟಾರ್ ಮಾಡೋಣ ಅಂದುಕೊಂಡರಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಆಮೇಲೆ 1965ರಲ್ಲಿ ಅಮೆರಿಕದ ವಾದ್ಯತಂಡ ವೆಂಚರ್ಸ್ ಜಪಾನಿಗೆ ಬಂದು ನುಡಿಸಿತು. ಅಲ್ಲಿನ ಹುಡುಗರಿಗೆಲ್ಲ ಗಿಟಾರ್ ಹುಚ್ಚು ಹಿಡಿಯಿತು. ಅದಕ್ಕೆ ಅವರು 'ಎಲೆಕಿ' ಅಂತಲೇ ಹೆಸರಿಟ್ಟರು. ಅಮೆರಿಕದಲ್ಲೂ ಬೇಡಿಕೆ ಜಾಸ್ತಿ ಇತ್ತು, ಡೆಲ್ ರೇ ಅನ್ನುವ ಹೆಸರು ಆ ಮಾರುಕಟ್ಟೆಗಾಗಿ ಬಂದದ್ದು. ಸಿಯರ್ಸ್ ಅಂಗಡಿಗಳ ಸಿಲ್ವರ್‌ಟೋನ್ ಹೆಸರಿನಲ್ಲೂ ಇವರ ಗಿಟಾರ್ ಮಾರಾಟವಾಯಿತು.

ನನಗೆ ಟೈಸ್ಕೊ ಇಷ್ಟವಾಗೋದು ಯಾಕೆ ಅಂದರೆ, ಅದನ್ನು ನೋಡಿದರೆ ಬೇರೆ ಯಾವ ಗಿಟಾರೂ ನೆನಪಾಗುವುದಿಲ್ಲ. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಗಿಟಾರ್‌ಗಳ ನಕಲನ್ನು ಎಷ್ಟು ಚೆನ್ನಾಗಿ ಮಾಡಿದವು ಅಂದರೆ ಅಸಲಿಯವರೇ ಬೆಚ್ಚಿದರು. ಅವೂ ಒಳ್ಳೆಯ ಗಿಟಾರ್‌ಗಳೇ. ಟೈಸ್ಕೊದ ಒಳ್ಳೆಯ ದಿನಗಳು ಅದಕ್ಕೂ ಮುಂಚಿನವು, ಮನಸ್ಸಿಗೆ ಬಂದದ್ದನ್ನು ಮಾಡುತ್ತಿದ್ದ ಕಾಲ. ಟಿಜಿ-64 ಎಂಬ ಮಾದರಿಯಲ್ಲಿ ಒಡಲಿಗೇ ಹಿಡಿಯಂತೆ ತೂತು ಕೊರೆದಿದ್ದರು. ಗಿಟಾರ್ ವಾದಕ ಸ್ಟೀವ್ ವಾಯ್ ಅವರ ಐಬನೆಜ್ ಜೆಮ್‌ನಲ್ಲಿ ಅಂಥ ಹಿಡಿ ಬಂದದ್ದು 1987ರಲ್ಲಿ. ಟಿಆರ್‌ಜಿ-1ರಲ್ಲಿ ಆಂಪೂ ಸ್ಪೀಕರೂ ಗಿಟಾರ್ ಒಳಗೇ ಇದ್ದವು. ಸ್ಪೆಕ್ಟ್ರಮ್ 5 ಅಂತೂ ಕೆತ್ತಿದ ಅಂಚು, ಬಣ್ಣಬಣ್ಣದ ಸ್ವಿಚ್‌ಗಳು, ಸ್ಟೀರಿಯೊ ದನಿ ಎಲ್ಲ ಸೇರಿ ಒಂದು ಮಿಠಾಯಿ ಡಬ್ಬಿ. ಒಮ್ಮೆ ಅದನ್ನು ಹತ್ತಿರದಿಂದ ನೋಡಿದ್ದೇನೆ, ಕೈಗೆತ್ತಿಕೊಳ್ಳಲು ಧೈರ್ಯ ಬರಲಿಲ್ಲ.

1967ರಲ್ಲಿ ಕಾವಾಯ್ ಕಂಪನಿ ಟೈಸ್ಕೊವನ್ನು ಕೊಂಡಿತು. 1970ರ ದಶಕದಲ್ಲಿ ಗಿಟಾರ್‌ಗಳ ಮೇಲಿಂದ ಆ ಹೆಸರು ಮಾಯವಾಯಿತು.

ಬೆಸುಗೆಕಡ್ಡಿ

ರಿಪೇರಿ ಮಾತು ನಾನು ಹೇಳ್ತೀನಿ. ಮೊದಲು ಸ್ವಿಚ್. ಒಳಗೆ ಇರುವುದು ಬರೀ ಜಾರುವ ಲೋಹದ ತುಂಡುಗಳು, ಅವಕ್ಕೆ ಕಿಲುಬು ಹಿಡಿದಿರುತ್ತದೆ ಅಷ್ಟೇ. ಪಿಕ್‌ಗಾರ್ಡ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ಒತ್ತಿ. ವಾಲ್ಯೂಮ್, ಟೋನ್‌ಗಳಿಗೂ ಅದೇ ಮದ್ದು. ವೈರಿಂಗ್ ಕೀಳುವ ಅಗತ್ಯವೇ ಇಲ್ಲ.

ತಂತಿಯ ಎತ್ತರ: ಆ ಕಾಲದ ಬಹಳಷ್ಟು ಟೈಸ್ಕೊಗಳ ನೆಕ್ (ಗಿಟಾರಿನ ಕತ್ತು) ಒಳಗೆ ಉಕ್ಕಿನ ಪಟ್ಟಿ ಇರುತ್ತದೆ, ತಿರುಗಿಸಿ ಸರಿಮಾಡುವ ಟ್ರಸ್ ರಾಡ್ ಇರುವುದಿಲ್ಲ. ಆದ್ದರಿಂದ ನೆಕ್ ನಿಜಕ್ಕೂ ಬಾಗಿದೆಯಾ, ಅಥವಾ ಒಡಲಿಗೆ ಕೂತ ಕೋನ ಮಾತ್ರ ತಪ್ಪಿದೆಯಾ ಅಂತ ಮೊದಲು ನೋಡಬೇಕು. ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಅದುಮಿ. ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೆ ನೆಕ್ ಚೆನ್ನಾಗಿದೆ ಅಂತ ಅರ್ಥ. ಆಗ ನೆಕ್ ಬಿಚ್ಚಿ, ಅದು ಕೂರುವ ಗುಂಡಿಯಲ್ಲಿ ಪಿಕಪ್ ಕಡೆಯ ಅಂಚಿಗೆ ತೆಳ್ಳನೆಯ ಮರದ ಹಾಳೆ ಇಟ್ಟು ಮತ್ತೆ ಬಿಗಿಯಿರಿ. ನೆಕ್ ಹಿಂದಕ್ಕೆ ವಾಲುತ್ತದೆ, ತಂತಿ ಕೆಳಗಿಳಿಯುತ್ತದೆ. ಜತೆಗೆ ತೆಳ್ಳನೆಯ 10ರ ಸೆಟ್ ತಂತಿ ಹಾಕಿ, ಎಳೆತ ಕಡಿಮೆಯಾಗುತ್ತದೆ. ಸಂದಿ ಜಾಸ್ತಿ ಇದ್ದರೆ ಮಾತ್ರ ನೆಕ್ ನೇರ ಮಾಡಲು ಗೊತ್ತಿರುವವರಿಗೆ ಕೊಡಿ.

ಇನ್ನೊಂದು ಮಾತು, ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಪಕ್ಕದಲ್ಲಿ ಝೀರೊ ಫ್ರೆಟ್ (ಮೊದಲನೇ ಫ್ರೆಟ್‌ಗೂ ಮುಂಚಿನದು) ಇದ್ದರೆ ನಟ್ ಉಜ್ಜಲು ಹೋಗಬೇಡಿ. ತಂತಿಯ ಎತ್ತರ ಅಲ್ಲಿ ತೀರ್ಮಾನವಾಗುವುದೇ ಆ ಫ್ರೆಟ್‌ನಿಂದ.

ಸ್ಲೈಡ್ ಬಳೆ

ನಾನು ಸ್ವಲ್ಪ ಬೇರೆ ಹೇಳ್ತೀನಿ. ಟೈಸ್ಕೊ ಒಡಲು, ನೆಕ್ ಇವೆಲ್ಲ ಒಂದೊಂದರಲ್ಲಿ ಒಂದೊಂದು ಥರ. ಚಿನ್ನ ಇರುವುದು ಪಿಕಪ್‌ನಲ್ಲಿ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಮಾಡಿದ್ದೂ ಅದನ್ನೇ ಅಲ್ವಾ? ತಮ್ಮ ಸ್ಟ್ರಾಟೊಕಾಸ್ಟರ್ ಗಿಟಾರ್‌ಗೆ ನೆಕ್ ಕಡೆ ಟೈಸ್ಕೊ ಗೋಲ್ಡ್ ಫಾಯಿಲ್ (ಚಿನ್ನದ ಹಾಳೆಯ) ಪಿಕಪ್, ಬ್ರಿಡ್ಜ್ (ಒಡಲಿನ ಮೇಲೆ ತಂತಿ ಕೂರುವ ಜಾಗ) ಕಡೆ ಒಂದು ಲ್ಯಾಪ್ ಸ್ಟೀಲ್ (ತೊಡೆ ಮೇಲಿಟ್ಟು ನುಡಿಸುವ ಗಿಟಾರ್) ಪಿಕಪ್. ಸ್ಲೈಡ್ (ತಂತಿಯ ಮೇಲೆ ಕೊಳವೆ ಜಾರಿಸಿ) ನುಡಿಸುವವರು ಅದಕ್ಕೆ 'ಕೂಡರ್‌ಕಾಸ್ಟರ್' ಅಂತಲೇ ಹೆಸರಿಟ್ಟಿದ್ದಾರೆ. ನೆಕ್ ಸರಿ ಹೋಗಲಿಲ್ಲ ಅಂದರೆ ಪಿಕಪ್ ತೆಗೆದು ಒಳ್ಳೆಯ ಒಡಲಿಗೆ ಹಾಕಿ.

ಆ ದನಿಗೆ ಕಾರಣವೂ ಇದೆ. ಒಳಗಿರುವುದು ರಬ್ಬರಿನಂಥ ಮೆತ್ತನೆಯ ಅಯಸ್ಕಾಂತ, ಸೆಳೆತ ಕಡಿಮೆ. ತಂತಿಯನ್ನು ಹಿಡಿದೆಳೆಯುವುದಿಲ್ಲ, ತನ್ನ ಪಾಡಿಗೆ ಅದುರಲು ಬಿಡುತ್ತದೆ. ಸುರುಳಿಗೆ ಮೇಣ ತುಂಬಿಲ್ಲದಿದ್ದರೆ ಮುಚ್ಚಳದ ಮೇಲೆ ಬೆರಳಲ್ಲಿ ತಟ್ಟಿದರೂ ಆಂಪ್‌ನಲ್ಲಿ ಕೇಳುತ್ತದೆ. ನೀವು ಬಾಯಿ ತೆರೆದು ಹಾಡಿದ ಹಾಗೆ ಅಂದಿರಲ್ಲ, ಅದರಲ್ಲಿ ಸ್ವಲ್ಪ ಪಾಲು ಇದರದ್ದೇ.

ಬ್ಲೂಸ್ ವಾದಕ ಹೌಂಡ್ ಡಾಗ್ ಟೇಲರ್ ಕೂಡ ಟೈಸ್ಕೊ ನುಡಿಸುತ್ತಿದ್ದರು ಅಂತ ಓದಿದ್ದೇನೆ.

ಹಳೇಮರ

ಟೇಲರ್ ಕೈಯಲ್ಲಿದ್ದದ್ದು ಕಾವಾಯ್ ಮಾಡಿದ ಕಿಂಗ್‌ಸ್ಟನ್. ಟೈಸ್ಕೊ ಅಲ್ಲ, ಅದರ ದಾಯಾದಿ ಅನ್ನಬಹುದು. ಚಿನ್ನದ ಹಾಳೆ ಕಂಡ ತಕ್ಷಣ ಟೈಸ್ಕೊ ಅಂದುಕೊಳ್ಳುವುದೂ ತಪ್ಪು. ಅಮೆರಿಕದ ಹಾರ್ಮನಿ ಗಿಟಾರ್‌ಗಳ ಗೋಲ್ಡ್ ಫಾಯಿಲ್ ಮಾಡಿದ್ದು ಒಹಾಯೊದ ಡಿಆರ್ಮಂಡ್, ಅದರ ದನಿಯೇ ಬೇರೆ.

ಪಿಕಪ್ ಬಿಚ್ಚುವ ಮಾತು ಮಾತ್ರ ನಾನು ಒಪ್ಪಲ್ಲ. ಕೂಡರ್ ಹಾಗೆ ಮಾಡಿದ ಮೇಲೆ ಎಷ್ಟೋ ಟೈಸ್ಕೊಗಳ ಹೊಟ್ಟೆ ಬಗೆದರು. ಪಿಕಪ್ ಇಲ್ಲದ ಒಡಲುಗಳನ್ನು ಮಾರಾಟಕ್ಕಿಟ್ಟದ್ದು ನೋಡಿ ಹೊಟ್ಟೆ ಉರಿದಿದೆ. ಒಡಲು ಮುರಿದಿದ್ದರೆ ಸರಿ, ಪಿಕಪ್ ಇನ್ನೊಂದು ಕಡೆ ಬದುಕಲಿ. ಇಲ್ಲಿ ಒಬ್ಬರು ಮೂರು ವಾರದಿಂದ ಬಿಡದೆ ನುಡಿಸುತ್ತಿದ್ದಾರೆ, ಆ ಗಿಟಾರ್ ಜೀವಂತ ಇದೆ. ಗೋಲ್ಡ್ ಫಾಯಿಲ್ ದನಿ ಬೇಕಾದವರಿಗೆ ಈಗ ಹೊಸದಾಗಿ ಮಾಡಿಕೊಡುವವರು ಬೇಕಾದಷ್ಟು ಜನ ಇದ್ದಾರೆ.

ಸ್ಲೈಡ್ ಬಳೆ

ಕಿಂಗ್‌ಸ್ಟನ್ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್. ಇನ್ನೊಂದೂ ಒಪ್ಪಿದೆ. ನೆಕ್ ನೇರ ಇದ್ದರೆ ಮುಟ್ಟಬೇಡಿ.

ತಂತಿಗುಂಗು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಗ್ಗೆ ಕೂತು ನೋಡಿದೆ. ಸಂದಿ ಕೂದಲೆಳೆಗಿಂತ ಸ್ವಲ್ಪ ಜಾಸ್ತಿ ಅನ್ನಿಸಿತು, ಆದರೂ 10ರ ತಂತಿ ಹಾಕಿ ಒಂದು ರಾತ್ರಿ ಬಿಟ್ಟೆ. ಮಾರನೇ ದಿನಕ್ಕೆ ನೆಕ್ ಎಷ್ಟೋ ನೇರವಾಗಿತ್ತು. ಆಮೇಲೆ ಮರದ ಹಾಳೆ ಇಟ್ಟೆ. ಈಗ ಹನ್ನೆರಡನೇ ಫ್ರೆಟ್‌ವರೆಗೂ ಆರಾಮಾಗಿ ಕಾರ್ಡ್ ಹಿಡಿಯಬಹುದು, ಅದರಾಚೆ ಇನ್ನೂ ಸ್ವಲ್ಪ ಎತ್ತರವೇ ಇದೆ, ಅಲ್ಲಿ ಸ್ಲೈಡ್ ಹಾಕ್ತೀನಿ. ಸ್ವಿಚ್‌ಗಳ ಕರಕರ ಪೂರ್ತಿ ಹೋಯಿತು.

ಪಿಕ್‌ಗಾರ್ಡ್ ಬಿಚ್ಚಿದಾಗ ಒಳಗಿನ ಬೆಸುಗೆಗಳನ್ನು ಸುಮಾರು ಹೊತ್ತು ನೋಡುತ್ತಾ ಕೂತೆ. ಒಂದೂ ಬಿಟ್ಟಿರಲಿಲ್ಲ. ಹಾಗೇ ಮುಚ್ಚಿ ಸ್ಕ್ರೂ ಬಿಗಿದೆ.