ನೀರಿನಿಂದ ನಡೆಯುವ ಗಾಜು ಊದುವ ಕಾರ್ಯಾಗಾರ: ಏನು ನೋಡಬೇಕು?

ತಿರುಗಣಿ: ಹೊಳೆದಂಡೆಯ ಗಾಜಿನ ಕಾರ್ಯಾಗಾರವೊಂದನ್ನು ನೋಡಲು ಹೋಗುವುದಿದೆ. ‘ನೀರಿನಿಂದಲೇ ನಡೆಯುತ್ತದೆ’ ಅನ್ನುತ್ತಾರೆ. ಅಂದರೆ ನೀರಿನ ಚಕ್ರ ತಿದಿ ಒತ್ತುತ್ತದಾ? ಸಿಗುವುದು ಒಂದೇ ಗಂಟೆ. ಎಲ್ಲಿ ನಿಲ್ಲಬೇಕು?

ತೂಬು: ತಿದಿ ಅಲ್ಲ, ಕರೆಂಟು. ಅಮೆರಿಕದ ವರ್ಮಾಂಟ್‌ನ ಕ್ವೀಚಿಯಲ್ಲಿ, ಆಟಕ್ವೀಚಿ ನದಿಯ ಪಕ್ಕದ ಹಳೇ ಉಣ್ಣೆ ಗಿರಣಿಯಲ್ಲಿ ಸೈಮನ್ ಪಿಯರ್ಸ್ 1981ರಲ್ಲಿ ಶುರು ಮಾಡಿದ ಕಾರ್ಯಾಗಾರ ಇಂಥದ್ದೇ. ಟರ್ಬೈನ್ ತಿರುಗಿಸಿ ಕರೆಂಟು ತೆಗೆಯುವ ಏರ್ಪಾಡು. ಕಿಲೋವ್ಯಾಟ್ ಲೆಕ್ಕ: 9.81 (ಗುರುತ್ವ) × ಸೆಕೆಂಡಿಗೆ ಹರಿಯುವ ಘನ ಮೀಟರ್ × ನೀರು ಬೀಳುವ ಎತ್ತರ × ದಕ್ಷತೆ. 2 ಘನ ಮೀಟರ್, 5 ಮೀಟರ್, 0.75 ಅಂತಿಟ್ಟುಕೊಂಡರೆ ಸುಮಾರು 74 ಕಿಲೋವ್ಯಾಟ್.

ಒಳಗೆ ಹೋಗುವ ಮುಂಚೆ ಕಸ ತಡೆಯುವ ಕಂಬಿ ಜಾಲರಿ ನೋಡಿ. ಎಲೆ ಕಟ್ಟಿಕೊಂಡಿದ್ದರೆ ಅದರ ಹಿಂದೆ ನೀರಿನ ಮಟ್ಟ ಇಳಿದಿರುತ್ತದೆ. ಆ ಇಳಿತವಷ್ಟೂ ನಷ್ಟವೇ. ನೆರೆ ಬಂದಾಗ ಕರೆಂಟು ಹೆಚ್ಚುತ್ತದೆ ಅಂದುಕೊಳ್ಳಬೇಡಿ: ಟರ್ಬೈನಿನ ಆಚೆಗಿನ ನೀರೂ ಏರಿ, ಬೀಳುವ ಎತ್ತರವೇ ಕುಗ್ಗುತ್ತದೆ.

ಕೆಂಡಗೋಳ: ಒಳಗೆ ಕುಲುಮೆಯ ಬಾಯಿಗೆ ಎದುರಾಗಿ ನಿಲ್ಲಬೇಡಿ, ಬೆಂಚಿನ ಪಕ್ಕಕ್ಕೆ, ಗಾಜು ಊದುವ ಕೊಳವೆ ಹೊತ್ತು ಓಡಾಡುವವರ ದಾರಿ ಬಿಟ್ಟು ನಿಲ್ಲಿ. ಹತ್ತಿ ಬಟ್ಟೆ, ಮುಚ್ಚಿದ ಶೂ.

ಸುಮಾರು 1100° ಸೆಲ್ಸಿಯಸ್‌ನ ಗಾಜು ಕೊಳವೆಯ ತುದಿಯಲ್ಲಿ ಜೇನಿನಂತೆ ಜೋಲುತ್ತದೆ. ತಿರುಗಿಸುವುದು ಒಂದು ಕ್ಷಣ ನಿಂತರೂ ಒಂದು ಬದಿಗೆ ಜಾರಿ ಗೋಡೆ ದಪ್ಪ-ತೆಳು ಆಗುತ್ತದೆ. ಹಾಗಾಗಿ ಬಾಯಿಗಿಂತ ಎಡಗೈ ಗಮನಿಸಿ. ಒದ್ದೆ ಪೇಪರಿನ ಮಡಿಕೆ ಅಂಗೈಯಲ್ಲಿಟ್ಟು ಗಾಜನ್ನು ದುಂಡಗೆ ಮಾಡುವಾಗ ಹೊಗೆ ಏಳುತ್ತದೆ, ಕೈ ಸುಡುವುದಿಲ್ಲ. ನಡುವೆ ಹಬೆಯ ಪದರ ನಿಂತಿರುತ್ತದೆ. ಆಮೇಲೆ ತಳಕ್ಕೆ ಇನ್ನೊಂದು ಕಂಬಿ ಅಂಟಿಸಿ, ಕುತ್ತಿಗೆಗೆ ಒಂದು ಹನಿ ನೀರು ಮುಟ್ಟಿಸಿ, ಕೊಳವೆಗೆ ಟಕ್ ಅಂತ ಒಂದು ಪೆಟ್ಟು. ಪಾತ್ರೆ ಕೊಳವೆಯಿಂದ ಬೇರ್ಪಡುತ್ತದೆ. ಆ ಜಾಗ ತೀರಾ ದಪ್ಪವಿದ್ದರೆ ಬಿರುಕು ಪಾತ್ರೆಯೊಳಕ್ಕೇ ಓಡುತ್ತದೆ.

ತಿರುಗಣಿ: ಮುಗಿದ ಲೋಟ ಅಲ್ಲೇ ಕೈಗೆ ಕೊಡುತ್ತಾರಾ? ಹೊಳೆ ಬತ್ತಿದರೆ ಕುಲುಮೆಯ ಗತಿ?

ಕೆಂಡಗೋಳ: ಅವತ್ತೇ ಸಿಗುವುದಿಲ್ಲ. ಸಾಮಾನ್ಯ ಸೋಡಾ-ಸುಣ್ಣದ ಗಾಜನ್ನು 500° ಆಸುಪಾಸಿನ ಪೆಟ್ಟಿಗೆಯಲ್ಲಿಟ್ಟು, ರಾತ್ರಿಯಿಡೀ ನಿಧಾನಕ್ಕೆ ಶಾಖ ಇಳಿಸಬೇಕು. ಹಾಗೇ ಹೊರಗೆ ಬಿಟ್ಟರೆ ಹೊರಮೈ ಬೇಗ ಗಟ್ಟಿಯಾಗಿ ಒಳಗೆ ಬಿಗಿತ ಉಳಿಯುತ್ತದೆ. ವಾರ ಕಳೆದ ಮೇಲೂ ಕಪಾಟಿನಲ್ಲೇ ಸೀಳಬಹುದು.

ತೂಬು: ಕುಲುಮೆಯನ್ನು ರಾತ್ರಿಯೂ ಆರಿಸುವುದಿಲ್ಲ, ಸರ್. ತಣ್ಣಗಾದರೆ ಗಾಜು ಕರಗಿಸುವ ಕುಡಿಕೆ ಬಿರಿಯಬಹುದು, ಮತ್ತೆ ಕಾಯಿಸಿದಾಗ ಕರಗಿದ ಗಾಜು ಕುಲುಮೆಯ ತಳಕ್ಕೆ ಸೋರುತ್ತದೆ. ಅದಕ್ಕೇ ಹೊಳೆಯೊಂದನ್ನೇ ನೆಚ್ಚಿಕೊಳ್ಳದೆ ಹೊರಗಿನ ಲೈನಿಗೂ ಜೋಡಿಸಿರುತ್ತಾರೆ. ಟರ್ಬೈನಿನ ಮೀಟರ್ ತೋರಿಸಿ ಅಂತ ಕೇಳಿ. ನೀರು ಎಷ್ಟು ಭಾರ ಹೊರುತ್ತಿದೆ ಅನ್ನುವುದು ಅಲ್ಲೇ ಕಾಣುತ್ತದೆ.