ಪದಚರ್ಚೆ: ಬೈರಿಗೆಯ ತಲೆಗೆ, ಅಲಗಿಗೆ, ಹಗ್ಗಕ್ಕೆ ನಿಮ್ಮ ಕಡೆ ಏನಂತಾರೆ?

ತೀರ್ಥಹಳ್ಳಿ ಹತ್ತಿರ ನಮ್ಮ ಸೋದರಮಾವನ ಮನೆ. ಹಿತ್ತಲಲ್ಲಿ ಅವರ ಮರಗೆಲಸದ ಕೊಟ್ಟಿಗೆ. ಮಾವ ತೀರಿಕೊಂಡ ಮೇಲೆ ಅದು ಬೀಗ ಹಾಕಿಯೇ ಇತ್ತು. ಮಳೆಗೆ ಹೆಂಚು ಜಾರಿ ಸೋರಲು ಶುರುವಾಯಿತು ಅಂತ ಈ ಬೇಸಿಗೆಯಲ್ಲಿ ಎಲ್ಲ ಸೇರಿ ಖಾಲಿ ಮಾಡಿದೆವು. ಉಳಿ, ಬಾಚಿ, ಕೊಡತಿ, ಗರಗಸ, ಮೂಲೆಮಟ್ಟ ಎಲ್ಲದರ ಗುರುತು ಸಿಕ್ಕಿತು. ಒಂದೇ ಒಂದು ಸಾಮಾನು ಏನು ಅಂತ ಅಲ್ಲಿದ್ದ ಯಾರಿಗೂ ಹೇಳಲಾಗಲಿಲ್ಲ. "ನಿಂಗೆ ಹಳೇದು ಅಂದ್ರೆ ಆಸೆ ಅಲ್ದಾ, ತಗಂಡು ಹೋಗು" ಅಂತ ಅತ್ತೆ ನನ್ನ ಕೈಗೆ ಕೊಟ್ಟರು.

ಹೇಗಿದೆ ಅಂತ ಹೇಳ್ತೀನಿ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ದುಂಡನೆ ಕೋಲು. ಬೀಟೆ ಮರದ್ದು, ಕಪ್ಪಗೆ, ಕೈಗೆ ಭಾರ. ಒಂದು ತುದಿಯಲ್ಲಿ ಚಪ್ಪಟೆ ಕಬ್ಬಿಣದ ಅಲಗು, ಈಟಿಯ ಮೊನೆಯ ಹಾಗೆ. ಇನ್ನೊಂದು ತುದಿಯಲ್ಲಿ ಅಂಗೈಯಲ್ಲಿ ಕೂರುವಂಥ ಮರದ ಗುಂಡು. ಈ ಗುಂಡು ಕೋಲಿಗೆ ಅಂಟಿಕೊಂಡಿಲ್ಲ. ಗುಂಡು ಹಿಡಿದುಕೊಂಡರೆ ಕೆಳಗಿನ ಕೋಲು ತನ್ನಷ್ಟಕ್ಕೆ ತಿರುಗುತ್ತದೆ. ಕೋಲಿನ ನಡುವೆ ಎರಡು ಬೆರಳಗಲ ಮರ ಸವೆದು ಸೊಂಟದ ಹಾಗೆ ಒಳಗೆ ಹೋಗಿದೆ. ಅಲ್ಲಿ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಹೊಳಪು.

ಒಬ್ಬರು ಕಡಗೋಲಿನ ತುಂಡು ಅಂದರು. ಇನ್ನೊಬ್ಬರು ನೂಲುವ ತಕಲಿ ಅಂದರು. ಮಕ್ಕಳು ಬುಗುರಿ ಅಂತಲೇ ತೀರ್ಮಾನ ಮಾಡಿ ಅಂಗಳಕ್ಕೆ ಒಯ್ದರು. ನನಗೆ ಆ ಸವೆದ ಸೊಂಟವೇ ಕಣ್ಣಿಗೆ ಬೀಳ್ತಿತ್ತು. ಕೈ ಹಿಡಿದು ಸವೆದರೆ ಹಾಗೆ ಸವೆಯುವುದಿಲ್ಲ. ಹಗ್ಗ ಉಜ್ಜಿ ಉಜ್ಜಿ ಆದ ಹೊಳಪು ಅದು. ಬಾವಿಯ ರಾಟೆಯಲ್ಲಿ, ಹಳೇ ಕಡಗೋಲಿನಲ್ಲಿ ನೋಡಿದ್ದೇವಲ್ಲ, ಹಾಗೆ.

ಮಾರನೇ ವಾರ ಪಕ್ಕದೂರಿನ ಹಿರಿಯ ಬಡಗಿ ಆಚಾರ್ರೊಬ್ಬರಿಗೆ ತೋರಿಸಿದೆ. ನೋಡಿದ ಕೂಡಲೇ ಹೇಳಿದರು: "ಇದೆಂತ ಮಾರಾಯ, ಬೈರಿಗೆ ಅಲ್ದಾ? ಬಿಲ್ಲೆಲ್ಲಿ?"

ಬೈರಿಗೆ ಅಂದರೆ ಮರಕ್ಕೆ ತೂತು ಕೊರೆಯುವ ಕೈಸಾಧನ. ಬಿಲ್ಲಿನ ಸುದ್ದಿ ಅತ್ತೆಗೆ ಗೊತ್ತಿತ್ತು. ಬಾಗಿದ ಕೋಲೊಂದು ಅದರ ಜೊತೆಗೇ ಇತ್ತಂತೆ. ಬೇಡದ್ದು ಅಂತ ಬಚ್ಚಲ ಒಲೆಗೆ ಹಾಕಿದ್ದಾರೆ. ಕೇಳಿ ಹೊಟ್ಟೆ ಉರಿಯಿತು. ಆದರೆ ಅತ್ತೆಯ ತಪ್ಪಲ್ಲ. ಹೆಸರು ಗೊತ್ತಿಲ್ಲದ ಕೋಲು ಸೌದೆಯೇ ಅಲ್ವಾ.

ಕೆಲಸ ಮಾಡುವ ಬಗೆ ಆಚಾರ್ರು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಬಿಲ್ಲಿನ ಹಗ್ಗವನ್ನು ಕೋಲಿನ ಸೊಂಟಕ್ಕೆ ಒಂದು ಸುತ್ತು ಸುತ್ತಬೇಕು. ಎಡಗೈಯಲ್ಲಿ ಮೇಲಿನ ಗುಂಡು ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ಬಿಲ್ಲನ್ನು ಗರಗಸದ ಹಾಗೆ ಹಿಂದೆ ಮುಂದೆ ಎಳೆಯಬೇಕು. ಎಳೆದಾಗ ಕೋಲು ಒಂದು ಕಡೆ ತಿರುಗುತ್ತದೆ, ದೂಡಿದಾಗ ಇನ್ನೊಂದು ಕಡೆ. ಅದಕ್ಕೇ ಅಲಗು ಚಪ್ಪಟೆ, ಎರಡೂ ಅಂಚಿಗೆ ಸಾಣೆ. ಯಾವ ಕಡೆ ತಿರುಗಿದರೂ ಮರ ಕೆರೆಯುತ್ತದೆ. ಈಗಿನ ಡ್ರಿಲ್ಲಿನ ಕೊರೆಯುವ ಮೊನೆ ಹಾಗಲ್ಲ. ಅದರ ಸುರುಳಿ ಒಂದೇ ದಿಕ್ಕಿಗೆ ಕೊರೆಯುತ್ತದೆ, ತಿರುಗಾಮುರುಗಾ ಮಾಡಿದರೆ ಸುಮ್ನೆ ಉಜ್ಜುತ್ತದೆ.

ನಾನೇ ಒಂದು ಬಿದಿರಿನ ಸೀಳು ಬಾಗಿಸಿ, ಹತ್ತಿಯ ಹುರಿ ಕಟ್ಟಿ, ಹಲಸಿನ ಹಲಗೆಯ ಮೇಲೆ ಇಟ್ಟು ನೋಡಿದೆ. ಹುರಿ ಬಿಗಿಯಾದರೆ ಕೋಲು ಅಲ್ಲಾಡುವುದಿಲ್ಲ. ಸಡಿಲವಾದರೆ ಹುರಿ ಜಾರುತ್ತದೆ, ಕೋಲು ನಿಂತಲ್ಲೇ ನಿಲ್ಲುತ್ತದೆ. ಗುಂಡಿನ ಒಳಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟ ಮೇಲೆ ಹದ ಸಿಕ್ಕಿತು. ಗರ್‌... ಗರ್‌... ಅಂತ ಒಂದೇ ಲಯ. ಹಳದಿ ಪುಡಿ ತೂತಿನ ಸುತ್ತ ಸಣ್ಣ ಹುತ್ತದ ಹಾಗೆ ಏಳುತ್ತಾ ಬಂತು. ಬೆರಳು ಹೋಗುವಷ್ಟೂ ಆಳ ಆಗಿರಲಿಲ್ಲ, ಅಷ್ಟರಲ್ಲೇ ಭುಜ ಸೋತಿತ್ತು.

ಅವತ್ತು ನನಗೆ ಒಂದು ಮಾತು ಹೊಸದಾಗಿ ಅರ್ಥವಾಯಿತು. "ಬೈರಿಗೆ ಕೊರೆದ ಹಾಗೆ ಕೊರೀತಾನೆ" ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಬೈರಿಗೆ ಅಂದರೆ ಡ್ರಿಲ್ಲಿನ ಹಾಗೆ ತಲೆಗೆ ನುಗ್ಗೋದು ಅಂದುಕೊಂಡಿದ್ದೆ. ಅಲ್ಲ. ಬೈರಿಗೆ ನುಗ್ಗುವುದೇ ಇಲ್ಲ. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಇಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಪ್ರತಿ ಸಲ ಅದೇ ಶಬ್ದ, ಕೂದಲೆಳೆಯಷ್ಟು ಕೆಳಗೆ. ಹೇಳಿದ್ದನ್ನೇ ಹೇಳುವವರಿಗೆ ಈ ಹೋಲಿಕೆ ಕೊಟ್ಟವರು ಬಿಲ್ಲು ಎಳೆಯುವವರ ಪಕ್ಕ ಕೂತು ಕೇಳಿಸಿಕೊಂಡವರೇ ಇರಬೇಕು ಅಂತ ನನಗನ್ನಿಸುತ್ತೆ. ವಸ್ತು ಅಟ್ಟ ಸೇರಿದೆ, ಬೈಗುಳ ಮಾತ್ರ ಬಳಕೆಯಲ್ಲಿ ಉಳಿದಿದೆ.

1894ರ ಕಿಟೆಲ್ ನಿಘಂಟಿನಲ್ಲೂ ಬೈರಿಗೆ ಇದೆ, ತೂತು ಕೊರೆಯುವ ಸಾಧನ ಅನ್ನುವ ಅರ್ಥದಲ್ಲಿ. ಆದರೆ ಅಡ್ಡ ಹಿಡಿ ಇರುವ, ಎರಡು ಕೈಯಲ್ಲಿ ತಿರುಪುವ ಕಬ್ಬಿಣದ ಕೊರೆಯುವ ಸಾಧನಕ್ಕೂ ಕೆಲವರು ಬೈರಿಗೆ ಅಂತಲೇ ಹೇಳುತ್ತಾರೆ. ಕೆಲಸ ಒಂದೇ, ಕೈ ಬೇರೆ. ಬಳಸುವವರು ಎರಡಕ್ಕೂ ಒಂದೇ ಹೆಸರಿಟ್ಟು ಸುಮ್ಮನಿದ್ದರು ಅಂದರೆ ನಂಬೋದು ಕಷ್ಟ.

ಕಡಗೋಲು ಅಂದವರೂ ಪೂರ್ತಿ ತಪ್ಪಲ್ಲ, ಅದನ್ನೂ ಹೇಳಬೇಕು. ಹಗ್ಗ ಸುತ್ತಿ ಹಿಂದೆ ಮುಂದೆ ಎಳೆದು ತಿರುಗಿಸುವುದು ಎರಡರಲ್ಲೂ ಒಂದೇ. ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತೇವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ಗುಡಿಯ ಕಂಬಗಳನ್ನು ನೋಡಿದವರಿಗೆ ಗೊತ್ತು, ಕಲ್ಲನ್ನು ತಿರುಗಿಸಿ ಕಡೆದ ಬಳೆಗಳು ಎಷ್ಟು ನುಣುಪು ಅಂತ. ಚನ್ನಪಟ್ಟಣದ ಬೊಂಬೆಗಳನ್ನೂ ಹಿಂದೆ ಬಿಲ್ಲು ಎಳೆದು ಮರ ತಿರುಗಿಸಿಯೇ ಕಡೆಯುತ್ತಿದ್ದರು. ತಿರುಗುವ ಕೆಲಸಕ್ಕೆ ಕಡೆ, ತೂತಿಗೆ ಕೊರೆ. ಬಿಲ್ಲು ಎರಡಕ್ಕೂ ಬೇಕು. ಹಾಗಾದರೆ ಬೈರಿಗೆ ಎಳೆಯುವುದಕ್ಕೆ ಆಚಾರ್ರ ಮನೆಗಳಲ್ಲಿ ಬಳಸುತ್ತಿದ್ದ ಕ್ರಿಯಾಪದ ಯಾವುದು? ಬೈರಿಗೆ "ಹಾಕುವುದಾ", "ಎಳೆಯುವುದಾ", "ಹೊಡೆಯುವುದಾ"?

ಭಾಗಗಳ ಹೆಸರನ್ನೂ ಆಚಾರ್ರನ್ನ ಕೇಳಿದೆ. ಬಿಲ್ಲು, ಹಗ್ಗ, ಹಿಡಿ, ಅಷ್ಟೇ ಹೇಳಿದರು. "ಅಪ್ಪ ಹಿಡಿದಿದ್ದು ನೋಡಿದ್ದು. ನನ್ನ ಕೈಗೆ ಬರೋವಾಗ ಮಿಷನ್ ಬಂದಿತ್ತು" ಅಂದರು. ಆಮೇಲೆ ಆ ಸವೆದ ಸೊಂಟದ ಮೇಲೆ ಹೆಬ್ಬೆರಳು ಆಡಿಸುತ್ತಾ ಸುಮಾರು ಹೊತ್ತು ಕೂತರು.

ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ಸಾಗರ, ಸೊರಬದ ಕಡೆ ಗುಡಿಗಾರರ ಮನೆಗಳಲ್ಲಿ ಗಂಧದ ಕೆತ್ತನೆಗೆ ಸಣ್ಣ ಬೈರಿಗೆ ಇತ್ತಾ? ಇದ್ದರೆ ಅದಕ್ಕೆ ಬೇರೆ ಹೆಸರಿತ್ತಾ? ಮೇಲಿನ ಗುಂಡಿಗೆ, ಈಟಿಯಂಥ ಅಲಗಿಗೆ, ಸೊಂಟಕ್ಕೆ ಸುತ್ತುವ ಆ ಒಂದು ಸುತ್ತಿಗೆ ನಿಮ್ಮ ಅಜ್ಜ, ಅಪ್ಪ ಏನಂತಿದ್ದರು? ಕರಾವಳಿಯವರು, ಬಯಲುಸೀಮೆಯವರು ಹೇಳಿದರೂ ಸಂತೋಷವೇ. ಆದರೆ ಊರಿನ ಹೆಸರು ಜೊತೆಗೆ ಹೇಳಿ, ಪದ ಎಲ್ಲಿಯದು ಅಂತ ಗೊತ್ತಾಗಲಿ.

ಯಾರ ಮನೆ ಅಟ್ಟದಲ್ಲಾದರೂ ಬಿಲ್ಲು ಸಮೇತ ಇದ್ದರೆ ಒಂದು ಉಪಕಾರ ಮಾಡಿ. ಬಿಲ್ಲಿನ ಎರಡು ತುದಿಗೂ ಹಗ್ಗ ಹೇಗೆ ಕಟ್ಟಿದ್ದಾರೆ, ಹಗ್ಗ ಹತ್ತಿಯದ್ದೋ ಚರ್ಮದ್ದೋ ನೋಡಿ ಬರೆಯಿರಿ. ನನ್ನ ಹತ್ತಿಯ ಹುರಿ ಹತ್ತು ಸಲ ಎಳೆಯುವಷ್ಟರಲ್ಲಿ ಸಡಿಲವಾಗ್ತಿದೆ.