ಹಿಂಬದಿ ಚೊಕ್ಕಟವಾಗಿದ್ದರೆ ಯಂತ್ರದ ಕಸೂತಿಯೇ?

ಪ್ರಶ್ನೆ: ನಮಸ್ಕಾರ ಅಕ್ಕಾ. ಕೈಕಸೂತಿ ಎಂದು ಹೇಳಿದ್ದನ್ನು ನಂಬಿ ಕಪ್ಪು ಇಳಕಲ್ ಸೀರೆಯೊಂದನ್ನು ಕೊಂಡೆ. ಸೆರಗಿನ ಬಳಿ ಗೋಪುರ, ತುಳಸಿಕಟ್ಟೆ. ಒಡಲ ತುಂಬ ಸಣ್ಣ ಕೆಂಪು ನಕ್ಷತ್ರಗಳು. ನಮ್ಮ ಓರಗಿತ್ತಿ ಸೀರೆ ಮಗುಚಿ ನೋಡಿ, "ಹಿಂಬದಿ ಇಷ್ಟು ಚೊಕ್ಕಟವಾಗಿದೆ ಎಂದರೆ ಯಂತ್ರದ್ದೇ. ಕೈಯದಾದರೆ ದಾರ ಗೋಜಲಾಗಿರುತ್ತದೆ" ಎಂದುಬಿಟ್ಟರು. ಅಂದಿನಿಂದ ಉಡಲು ಮನಸ್ಸಿಲ್ಲ. ಎರಡೂ ಬದಿಯ ಫೋಟೊ ಹಾಕಿದ್ದೇನೆ.

ಉತ್ತರ: ತಂಗಿ, ನೆಮ್ಮದಿಯಾಗಿ ಉಡಿ, ಇದು ಕೈಯದೇ. ಓರಗಿತ್ತಿಯವರ ಮಾತು ಬೇರೆ ಬಗೆಯ ಹೂಕಸೂತಿಗೆ ಎಷ್ಟೋ ಸಲ ಒಪ್ಪುತ್ತದೆ, ನಮ್ಮ ಧಾರವಾಡದ ಕಡೆಯ ಕಸೂತಿಗೆ ಒಪ್ಪುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತ ಸಾಗುತ್ತದೆ. ಅದೇ ದಾರಿಯಲ್ಲಿ ಮರಳುವಾಗ ಖಾಲಿ ಉಳಿದ ಜಾಗಗಳನ್ನು ತುಂಬುತ್ತದೆ. ಹಾಗಾಗಿ ಗೆರೆ ಎರಡೂ ಬದಿಗೆ ಒಂದೇ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿಯೂ ಹೀಗೆಯೇ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಅಡಗಿಸಬೇಕು. ಹಿಂಬದಿ ಗೋಜಲಾಗಿಸಿದರೆ ನನಗೆ ಕಲಿಸಿದವರು ಪೂರ್ತಿ ಬಿಚ್ಚಿಸುತ್ತಿದ್ದರು! ನೇಯ್ಗೆ ಮತ್ತು ಮೆಂತಿ ಹೊಲಿಗೆಗಳಲ್ಲಿ ಮಾತ್ರ ಹಿಂಬದಿ ಬೇರೆಯಾಗಿ ಕಾಣಬಹುದು, ಅದಕ್ಕೆ ಗಾಬರಿಯಾಗಬೇಡಿ.

ಯಂತ್ರಕ್ಕೆ ದಾರ ಎರಡು: ಮೇಲಿನದೊಂದು, ಕೆಳಗೆ ಬಾಬಿನ್‌ನದೊಂದು. ಎರಡೂ ಬಟ್ಟೆಯೊಳಗೆ ಒಂದನ್ನೊಂದು ಕೊಂಡಿಯಂತೆ ಹಿಡಿದುಕೊಳ್ಳುತ್ತವೆ. ಬಾಬಿನ್‌ಗೆ ಸಾಮಾನ್ಯವಾಗಿ ತೆಳುವಾದ ಬಿಳಿ ಅಥವಾ ಕಪ್ಪು ದಾರ ಸುತ್ತಿರುತ್ತಾರೆ. ಮೇಲೆ ಕೆಂಪು, ಕೆಳಗೆ ಬಿಳಿ ಕಂಡರೆ ಅಲ್ಲಿಗೆ ಮುಗಿಯಿತು. ನಿಮ್ಮ ನಕ್ಷತ್ರಗಳು ಎರಡೂ ಕಡೆ ಕೆಂಪೇ. ಜಾಣರು ಬಾಬಿನ್‌ಗೂ ಅದೇ ಬಣ್ಣ ಸುತ್ತುತ್ತಾರೆ ಎನ್ನಿ, ಆಗ ಹಿಂಬದಿಯಲ್ಲಿ ಕಾಗದದಂಥ ಆಸರೆ ಬಟ್ಟೆಯ ಚೂರು ಉಳಿದಿದೆಯೇ, ಕಸೂತಿಯ ಜಾಗ ಮಾತ್ರ ಬಿರುಸಾಗಿದೆಯೇ ಎಂದು ಬೆರಳಾಡಿಸಿ ನೋಡಬೇಕು.

ನನಗೆ ಖಾತ್ರಿ ಕೊಟ್ಟದ್ದು ಎಡದಿಂದ ಮೂರನೆಯ ನಕ್ಷತ್ರ. ಅದರ ಒಂದು ಕಾಲು ಒಂದೆಳೆ ಉದ್ದವಾಗಿದೆ, ಉಳಿದವುಗಳಲ್ಲಿ ಹಾಗಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಕೂತವಳು ಅಲ್ಲೊಮ್ಮೆ ಲೆಕ್ಕ ತಪ್ಪಿದ್ದಾಳೆ. ಯಂತ್ರ ತಪ್ಪಿದರೆ ಸಾಮಾನ್ಯವಾಗಿ ಎಲ್ಲ ನಕ್ಷತ್ರಗಳಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಕಾಣುತ್ತದೆ.

ಇನ್ನೊಬ್ಬ ಸದಸ್ಯೆ: ಒಂದೆಳೆ ದಾರ ಸುಟ್ಟು ನೋಡಿದರೆ ತಿಳಿಯುವುದಿಲ್ಲವೇ?

ಉತ್ತರ: ದಯವಿಟ್ಟು ಸುಡಬೇಡಿ. ಸುಟ್ಟರೆ ದಾರ ಯಾವುದರದ್ದು ಎಂದು ತಿಳಿಯಬಹುದು, ಹೊಲಿದವರು ಯಾರು ಎಂದಲ್ಲ. ಕೈಯಲ್ಲಿ ಹಾಕುವವರೂ ಈಗ ಕೃತಕ ರೇಷ್ಮೆ ಬಳಸುತ್ತಾರೆ.

ಮತ್ತೊಬ್ಬರು: ನನ್ನ ರವಿಕೆಗೆ ಲೈನಿಂಗ್ ಇದೆ, ಹಿಂಬದಿ ಕಾಣುವುದೇ ಇಲ್ಲ. ಹೊಲಿಗೆಯೂ ಬಟ್ಟೆಯ ಎಳೆಗೆ ಸರಿಯಾಗಿ ಕೂತಿಲ್ಲ. ಯಂತ್ರದ್ದು ಎಂದುಕೊಳ್ಳಲೇ?

ಉತ್ತರ: ಅಷ್ಟಕ್ಕೇ ತೀರ್ಮಾನಿಸಬೇಡಿ. ಎಳೆ ಎಣಿಸಲಾಗದ ನುಣುಪು ಬಟ್ಟೆಯ ಮೇಲೆ ಜಾಳು ಬಟ್ಟೆಯೊಂದನ್ನು ಇಟ್ಟು, ಅದರ ಕಣ್ಣು ಎಣಿಸಿ ಕಸೂತಿ ಹಾಕಿ, ಆಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅದೂ ಕೈಕೆಲಸವೇ. ಭೂತಗನ್ನಡಿ ಹಿಡಿದು ಒಂದು ಗೆರೆ ನೋಡಿ. ಯಂತ್ರ ಗೆರೆ ದಪ್ಪಗೆ ಕಾಣಲೆಂದು ಒಂದೇ ಹೊಲಿಗೆಯ ಮೇಲೆ ಹಿಂದೆ ಮುಂದೆ ಮೂರು ಸಲ ಓಡುವುದುಂಟು. ಒಂದರ ಮೇಲೊಂದು ದಾರ ಕಾಣುತ್ತದೆ. ಗವಂತಿಯಲ್ಲಿ ಪ್ರತಿ ಹೊಲಿಗೆಯೂ ಒಂಟಿ. ಅದಕ್ಕೂ ಅನುಮಾನ ತೀರದಿದ್ದರೆ ತೋಳಿನ ಅಂಚಿನಲ್ಲಿ ಲೈನಿಂಗ್‌ನ ಹೊಲಿಗೆ ಎರಡು ಬೆರಳಗಲ ಬಿಚ್ಚಿ ನೋಡಿ. ಮತ್ತೆ ಹಾಕಿಕೊಳ್ಳಲು ಐದು ನಿಮಿಷವೂ ಬೇಡ.